ಸ್ಲೋ ಕುಕ್ಕರ್ ತೆಗೆದುಕೊಳ್ಳಬಹುದಾ? ಹುರುಳಿ, ಗಂಜಿ, ಕರೆಂಟು, ಬಿಲ್ಲು: ಗೊತ್ತಿದ್ದವರು ಹೇಳಿ

ಬದಿಯಡ್ಕ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ. ನಾವಿಬ್ಬರೂ ಬೆಳಗ್ಗೆ ಎಂಟೂವರೆಗೆ ಹೊರಟರೆ ಮತ್ತೆ ಮನೆಗೆ ಬರುವಾಗ ಸಂಜೆ ಐದು ದಾಟುತ್ತದೆ. ಅತ್ತೆಗೆ ಮಂಡಿನೋವು, ಗ್ಯಾಸಿನ ಹತ್ತಿರ ನಿಂತು ಅಡುಗೆ ಮಾಡಲಿಕ್ಕೆ ಈಗ ಆಗುವುದಿಲ್ಲ. ಕಿವಿಯೂ ಸ್ವಲ್ಪ ಮಂದ, ಹಾಗಾಗಿ ಕುಕ್ಕರ್ ಇಟ್ಟರೆ ವಿಶಲ್ ಕೇಳುವುದಿಲ್ಲ. ಹಲ್ಲೂ ಹೋಗಿದೆ. ಅವರಿಗೆ ಬೇಕಾದದ್ದು ಮೆತ್ತಗೆ ಬೆಂದ ಹುರುಳಿ ಸಾರು, ಕುಚ್ಚಲಕ್ಕಿ ಗಂಜಿ, ಕೆಲವೊಮ್ಮೆ ಕಡಲೆಯದ್ದೋ ಅಲಸಂಡೆ ಬೀಜದ್ದೋ ಒಂದು ಪಲ್ಯ. ಅದನ್ನಾದರೂ ಬಿಸಿಬಿಸಿ ಕೊಡೋಣ ಅಂತ ನನಗೆ ಆಸೆ.

ಮೈದುನ ದುಬೈಯಲ್ಲಿದ್ದಾನೆ. ಬರುವ ತಿಂಗಳು ಊರಿಗೆ ಬರುವಾಗ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಪಾತ್ರೆ) ತರುತ್ತೇನೆ ಅಂದಿದ್ದಾನೆ. ಎರಡು ಫೋಟೋ ಕಳಿಸಿದ್ದಾನೆ. ಒಂದು ಮೂರೂವರೆ ಲೀಟರಿನದು, ತಿರುಗಿಸುವ ನಾಬ್ ಇರುವುದು. ಇನ್ನೊಂದು ಆರೂವರೆ ಲೀಟರಿನದು, ಡಿಜಿಟಲ್, ಟೈಮರ್ ಎಲ್ಲ ಉಂಟು. ದೊಡ್ಡದೇ ತೆಗೆದುಕೊಳ್ಳಿ ಅಂತ ಅವನ ಅಭಿಪ್ರಾಯ.

ನನ್ನ ಪ್ರಶ್ನೆಗಳು ಇಷ್ಟು. ಐದು ಜನಕ್ಕೆ ಯಾವ ಅಳತೆ ಸರಿ? ಬೆಳಗ್ಗೆ ಹಾಕಿ ಹೋದರೆ ಭಯ ಇಲ್ಲವಾ? ಎಂಟು ಗಂಟೆ ಉರಿದರೆ ಕೆ.ಎಸ್.ಇ.ಬಿ. (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಎಷ್ಟು ಏರುತ್ತದೆ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ, ಆಗ ಏನು ಮಾಡುವುದು? ಇಂಗ್ಲಿಷಿನಲ್ಲಿ ಹುಡುಕಿದರೆ ಬರೀ ಮಾಂಸದ ಸ್ಟ್ಯೂ, ಚೀಸು. ಹುರುಳಿ ಬೇಯಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಪೆರ್ಲದ ಅಡುಗೆಮನೆ

ಟೀಚರೇ, ನಾನು ಹುರುಳಿ ಬೇಯಿಸುವವಳು, ಅದಕ್ಕೇ ಉದ್ದ ಬರೆಯುತ್ತೇನೆ.

ಮೊದಲು ಯಾವುದು ತರಿಸಬೇಕು ಅಂತ. ನಾಬ್ ಇರುವ ಮೂರೂವರೆ ಲೀಟರಿನದನ್ನೇ ತರಿಸಿ. ಡಿಜಿಟಲ್ ನಮ್ಮ ಊರಿಗೆ ಹೇಳಿದ್ದಲ್ಲ. ಕಾರಣ ಒಂದೇ, ಕರೆಂಟು. ಹೆಚ್ಚಿನ ಡಿಜಿಟಲ್ ಕುಕ್ಕರುಗಳು ಕರೆಂಟು ಒಮ್ಮೆ ಹೋಗಿ ಬಂದರೆ ಆಫ್ ಆಗಿಯೇ ಇರುತ್ತವೆ. ಯಾರಾದರೂ ಹೋಗಿ ಮತ್ತೆ ಬಟನ್ ಒತ್ತಬೇಕು. ಹತ್ತು ಗಂಟೆಗೆ ಐದು ನಿಮಿಷ ಕರೆಂಟು ಹೋದರೂ ಸಾಕು, ನೀವು ಸಂಜೆ ಬರುವಾಗ ಒಳಗೆ ಉಗುರುಬೆಚ್ಚಗಿನ, ಅರ್ಧ ಬೆಂದ, ಹುಳಿ ವಾಸನೆ ಬರುವ ಹುರುಳಿ ಇರುತ್ತದೆ. ನಾಬ್ ಇದ್ದರೆ ನೀವು ಎಲ್ಲಿಗೆ ತಿರುಗಿಸಿಟ್ಟಿದ್ದೀರೋ ಅಲ್ಲೇ ಇರುತ್ತದೆ. ಕರೆಂಟು ಬಂದ ಕೂಡಲೇ ತನ್ನಷ್ಟಕ್ಕೆ ಮತ್ತೆ ಕಾಯಲಿಕ್ಕೆ ಶುರು. ಡಿಜಿಟಲ್ಲೇ ಬೇಕಿದ್ದರೆ, ಕರೆಂಟು ಬಂದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತದಾ ಅಂತ ಮೈದುನ ಅಂಗಡಿಯಲ್ಲೇ ಕೇಳಲಿ.

ಅಳತೆಯ ವಿಷಯ. ಪಾತ್ರೆ ಅರ್ಧಕ್ಕಿಂತ ಕಡಿಮೆ ತುಂಬಬಾರದು, ಮುಕ್ಕಾಲಿಗಿಂತ ಜಾಸ್ತಿಯೂ ತುಂಬಬಾರದು. ಮೂರೂವರೆ ಲೀಟರಿನದರಲ್ಲಿ ಎರಡು, ಎರಡೂವರೆ ಲೀಟರ್ ಸಾರು ಆಗುತ್ತದೆ. ಐದು ಜನಕ್ಕೆ ರಾತ್ರಿಗೆ ಉಂಡು ಮರುದಿನಕ್ಕೂ ಸ್ವಲ್ಪ ಉಳಿಯುತ್ತದೆ. ಆರೂವರೆಯದರಲ್ಲಿ ಅಷ್ಟೇ ಹಾಕಿದರೆ ತಳದಲ್ಲಿ ತೆಳ್ಳಗೆ ಹರಡಿ ಅಂಚು ಒಣಗುತ್ತದೆ. ತಿಥಿಗೋ ಪೂಜೆಗೋ ಜನ ಸೇರಿದಾಗ ನಾವು ಹೇಗೂ ದೊಡ್ಡ ಒಲೆ ಹೂಡುತ್ತೇವೆ, ಅಲ್ವಾ? ಅದಕ್ಕಾಗಿ ದೊಡ್ಡ ಕುಕ್ಕರ್ ಬೇಡ.

ಒಳಗಿನ ಪಿಂಗಾಣಿ ಪಾತ್ರೆ ಹೊರಗೆ ತೆಗೆಯಲಿಕ್ಕೆ ಬರುವಂಥದ್ದೇ ಆಗಬೇಕು. ಮುಚ್ಚಳ ಗ್ಲಾಸಿನದಾದರೆ ಒಳ್ಳೆಯದು. ಮುಚ್ಚಳ ತೆಗೆಯದೆ ಒಳಗೆ ಏನಾಗುತ್ತಿದೆ ಅಂತ ನೋಡಬೇಕಲ್ಲ. ಒಮ್ಮೆ ತೆಗೆದರೆ ಹೋದ ಬಿಸಿ ಮತ್ತೆ ಏರಲಿಕ್ಕೆ ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅತ್ತೆಗೆ ಇದನ್ನೊಂದು ಹೇಳಿಡಿ, ಹಿರಿಯರಿಗೆ ಕೈಯಾಡಿಸುವ ಅಭ್ಯಾಸ ಇರುತ್ತದೆ.

ಈಗ ಹುರುಳಿ. ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗ್ಯಾಸಿನ ಮೇಲೆ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಕುದಿಯುವುದು ಅಂದರೆ ಬುಳುಬುಳು ಕುದಿಯಬೇಕು. ನೀವು ಕಾಫಿ, ದೋಸೆ ಮಾಡುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಆಗಿಹೋಗುತ್ತದೆ. ಆ ಬಿಸಿ ಬಿಸಿ ನೀರಿನ ಸಮೇತ ಸ್ಲೋ ಕುಕ್ಕರಿಗೆ ಹಾಕಿ 'ಲೋ'ಗೆ ತಿರುಗಿಸಿ ಹೋಗಿ. ನೀರು ಪ್ರೆಷರ್ ಕುಕ್ಕರಿಗೆ ಹಾಕುವುದಕ್ಕಿಂತ ಜಾಸ್ತಿ ಬೇಡ, ಆವಿಯಾಗಿ ಹೋಗುವುದು ತೀರಾ ಕಡಿಮೆ. ಹುಣಸೆಹುಳಿ, ಬೆಲ್ಲ, ಟೊಮೆಟೊ ಯಾವುದನ್ನೂ ಆಗ ಹಾಕಬೇಡಿ. ಹುಳಿ ಬಿದ್ದರೆ ಕಾಳು ಬೇಯುವುದಿಲ್ಲ, ಬೆಲ್ಲವೂ ಹಾಗೆಯೇ ಕಾಳನ್ನು ಬಿಗಿ ಹಿಡಿಯುತ್ತದೆ. ಉಪ್ಪು ಹಾಕಿದರೆ ತೊಂದರೆ ಇಲ್ಲ.

ಸಂಜೆ ಬಂದು ನೋಡಿ. ಮುಚ್ಚಳದ ಒಳಗೆಲ್ಲ ನೀರಿನ ಹನಿ ಕೂತಿರುತ್ತದೆ. ಹುರುಳಿ ಒಡೆದು ಹುಡಿಯಾಗಿರುವುದಿಲ್ಲ, ಸಿಪ್ಪೆ ಹಾಗೇ ಇರುತ್ತದೆ. ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ನೀರು ಕಪ್ಪು ಕಂದಾಗಿ, ಸೌಟಿನಿಂದ ಸುರಿದರೆ ದಪ್ಪಗೆ ಇಳಿಯುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ ನನಗೆ ಆ ಕಟ್ಟು ಬರುವುದಿಲ್ಲ. ಹಿಂದೆ ದನಗಳಿಗೆ ಹುರುಳಿ ಬೇಯಿಸುವಾಗ ಬಚ್ಚಲ ಒಲೆಯಲ್ಲಿ ದೊಡ್ಡ ಹಂಡೆ ಇಟ್ಟು, ಕೆಂಡದಲ್ಲಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮೇಲಿನ ನೀರು ಬಸಿದು ಮನೆಗೆ ಸಾರು ಮಾಡುತ್ತಿದ್ದರಲ್ಲ, ಆ ರುಚಿ ಇದರಲ್ಲಿ ಸಿಗುತ್ತದೆ. ಆಮೇಲೆ ಹುಳಿ, ಬೆಲ್ಲ, ಮೆಣಸಿನ ಹುಡಿ ಹಾಕಿ ಗ್ಯಾಸಿನಲ್ಲಿ ಒಂದು ಕುದಿ. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುವಷ್ಟು ಹುರಿದು ಒಗ್ಗರಣೆ. ಬೆಳ್ಳುಳ್ಳಿ ಆಗದವರು ಇಂಗು, ಕರಿಬೇವು ಹಾಕಿದರಾಯಿತು.

ಒಗ್ಗರಣೆಯನ್ನು ಸ್ಲೋ ಕುಕ್ಕರಿನಲ್ಲಿ ಮಾಡಲಿಕ್ಕೆ ಬರುವುದಿಲ್ಲ, ಅಷ್ಟು ಬಿಸಿ ಅದಕ್ಕಿಲ್ಲ. ಹಾಗೆಯೇ ಪಿಂಗಾಣಿ ಪಾತ್ರೆಯನ್ನು ಗ್ಯಾಸಿನ ಮೇಲೆ ಇಡಬಾರದು, ಸೀಳಿ ಹೋಗುತ್ತದೆ. ಅರೆದ ತೆಂಗಿನಕಾಯಿ, ಕಾಯಿಹಾಲು ಇದ್ದರೆ ಕೊನೆಯ ಅರ್ಧ ಗಂಟೆಗೆ. ಬೆಳಗ್ಗೆಯೇ ಹಾಕಿದರೆ ಕಾಯಿ ಒಡೆದು ಎಣ್ಣೆ ಬಿಟ್ಟು ಸಾರಿನ ಮುಖವೇ ಕೆಡುತ್ತದೆ.

ಬಿಲ್ಲಿನ ಲೆಕ್ಕ. ನನ್ನದರ ಅಡಿಯಲ್ಲಿ 210 ವ್ಯಾಟ್ ಅಂತ ಬರೆದಿದೆ. ಎಂಟು ಗಂಟೆ ಪೂರ್ತಿ ಎಳೆದರೂ 1.7 ಯೂನಿಟ್ ದಾಟುವುದಿಲ್ಲ. ಒಂದು ದಿನಕ್ಕೆ ಅದು ಏನೂ ಅಲ್ಲ. ಆದರೆ ನಮಗೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ದಿನಾ ಇಟ್ಟರೆ ಬಿಲ್ಲಿಗೆ ನೂರು ಯೂನಿಟ್ ಹತ್ತಿರ ಸೇರುತ್ತದೆ. ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ. ಅದನ್ನು ದಾಟಿದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ಜಾಸ್ತಿ ದರ. ಹಾಗಾಗಿ ನಿಮ್ಮ ಹಳೆಯ ಬಿಲ್ಲು ತೆಗೆದು ನೋಡಿ. ಎರಡು ತಿಂಗಳಿಗೆ 400 ಯೂನಿಟ್‌ನ ಮೇಲೆ ಇದ್ದರೆ ದಿನಾ ಬೇಡ, ವಾರಕ್ಕೆ ಮೂರು ದಿನ ಇಡಿ. ಖರ್ಚು ಮಾತ್ರ ನೋಡುವುದಾದರೆ ಪ್ರೆಷರ್ ಕುಕ್ಕರೇ ಅಗ್ಗ. ಇದನ್ನು ತರುವುದು ಖರ್ಚು ಉಳಿಸಲಿಕ್ಕೆ ಅಲ್ಲ. ಮನೆಯಲ್ಲಿ ವಯಸ್ಸಾದವರೊಬ್ಬರು ಒಲೆಯ ಹತ್ತಿರ ಹೋಗದೆ ಮೆತ್ತಗಿನ ಬಿಸಿ ಊಟ ಉಣ್ಣಬೇಕು, ಅದಕ್ಕೆ.

ಬಾಯಾರು ತೋಟದಿಂದ

ಪೆರ್ಲದ ಅಕ್ಕ ಹೇಳಿದ್ದೆಲ್ಲ ಸರಿ. ನಾನು ವೋಲ್ಟೇಜ್ ವಿಷಯ ಸೇರಿಸುತ್ತೇನೆ, ಯಾಕೆಂದರೆ ಕರೆಂಟು ಹೋಗುವುದಕ್ಕಿಂತ ನಮ್ಮ ಗುಡ್ಡದ ಬದಿಗಳಲ್ಲಿ ಅದೇ ದೊಡ್ಡ ತೊಂದರೆ.

ಡಿಸೆಂಬರ್ ಕಳೆದ ಮೇಲೆ ಅಡಿಕೆ ತೋಟಗಳಿಗೆಲ್ಲ ಸ್ಪ್ರಿಂಕ್ಲರ್ ಶುರು. ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಎಲ್ಲರ ಪಂಪೂ ಒಟ್ಟಿಗೆ ಓಡುತ್ತದೆ. ಲೈನಿನ ಕೊನೆಯಲ್ಲಿರುವ ಮನೆಗೆ 180 ವೋಲ್ಟ್ ಬಂದರೆ ಪುಣ್ಯ. ಬಲ್ಬು ಮಂಕಾದದ್ದು ಕಣ್ಣಿಗೆ ಕಾಣುತ್ತದೆ, ಸ್ಲೋ ಕುಕ್ಕರ್ ಮಂಕಾದದ್ದು ಕಾಣುವುದಿಲ್ಲ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರಲ್ಲಿ 210 ವ್ಯಾಟ್ ಕೊಡುವುದು 180ರಲ್ಲಿ 130 ಕೂಡಾ ಕೊಡುವುದಿಲ್ಲ. ಪ್ರೆಷರ್ ಕುಕ್ಕರಾದರೆ ವಿಶಲ್ ಬರಲಿಲ್ಲ ಅಂತ ಗೊತ್ತಾಗುತ್ತದೆ. ಇದರಲ್ಲಿ ದೀಪ ಉರಿಯುತ್ತಲೇ ಇರುತ್ತದೆ, ಒಳಗೆ ಬೇಯುತ್ತಿರುವುದಿಲ್ಲ. 5ರಿಂದ 60 ಡಿಗ್ರಿಯ ನಡುವೆ ಅಡುಗೆ ಗಂಟೆಗಟ್ಟಲೆ ಇದ್ದರೆ ಕೀಟಾಣು ಬೆಳೆಯುತ್ತದೆ, ಅದೇ ಅಪಾಯ.

ತಂದ ಮೇಲೆ ಅಡುಗೆಗೆ ಇಡುವ ಮೊದಲು ಒಂದು ರಜೆಯ ದಿನ ಹೀಗೆ ನೋಡಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ತಣ್ಣೀರು ತುಂಬಿಸಿ, 'ಲೋ'ದಲ್ಲಿ ಎಂಟು ಗಂಟೆ ಬಿಡಿ. ಮುಚ್ಚಳ ತೆಗೆದ ತಕ್ಷಣ ಅಡುಗೆಯ ಥರ್ಮಾಮೀಟರ್ ಅದ್ದಿ. 85 ಡಿಗ್ರಿ ಸೆಲ್ಸಿಯಸ್‌ನಿಂದ 93ರ ಒಳಗೆ ಇದ್ದರೆ ಕುಕ್ಕರ್ ಸರಿ, ನಿಮ್ಮ ಮನೆಯ ಕರೆಂಟೂ ಸರಿ. ಅದಕ್ಕಿಂತ ಕಡಿಮೆ ಬಂದರೆ ಬೇಸಗೆಯಲ್ಲಿ 'ಲೋ' ನಂಬಬೇಡಿ, 'ಹೈ'ಯಲ್ಲೇ ಇಡಿ. ಮನೆಯಲ್ಲಿ ಹಳೆಯ ಫ್ರಿಜ್ಜಿನ ಸ್ಟೆಬಿಲೈಸರ್ ಸುಮ್ನೆ ಬಿದ್ದಿದ್ದರೆ ಅದಕ್ಕೆ ಹಾಕಬಹುದು, 210 ವ್ಯಾಟ್ ಅದಕ್ಕೆ ಭಾರವಲ್ಲ. ಇನ್ವರ್ಟರಿಗೆ ಮಾತ್ರ ಕೊಡಬೇಡಿ. ಓಡುತ್ತದೆ, ಆದರೆ ಬ್ಯಾಟರಿ ಬರಿದಾಗಿ ರಾತ್ರಿ ಮಕ್ಕಳಿಗೆ ಓದಲಿಕ್ಕೆ ಲೈಟಿರುವುದಿಲ್ಲ.

ಇನ್ನೊಂದು, ದುಬೈಯಿಂದ ತಂದರೆ ವೋಲ್ಟೇಜ್ ನಮ್ಮದೇ. ಪಿನ್ ಮಾತ್ರ ಚಪ್ಪಟೆ ಮೂರು ಪಿನ್ನಿನದು. ಎಂಟು ಗಂಟೆ ಉರಿಯುವ ವಸ್ತುವಿಗೆ ಸಡಿಲ ಅಡಾಪ್ಟರ್ ಬೇಡ. ಎಲೆಕ್ಟ್ರಿಷನ್ ಕೈಯಲ್ಲಿ ಪ್ಲಗ್ಗನ್ನೇ ಬದಲಿಸಿ, ಅರ್ತ್ ಇರುವ ಗೋಡೆಯ ಸಾಕೆಟ್ಟಿಗೆ ಹಾಕಿ. ಅಮೆರಿಕದಿಂದ ಯಾರಾದರೂ ತರುತ್ತೇನೆ ಅಂದರೆ ಬೇಡ ಅನ್ನಿ, ಅದು 120 ವೋಲ್ಟಿನದು, ಇಲ್ಲಿ ಹಾಕಿದರೆ ಸುಟ್ಟುಹೋಗುತ್ತದೆ.

ಮುಳ್ಳೇರಿಯ

ಗಂಜಿಗೆ ಸ್ಲೋ ಕುಕ್ಕರ್ ಯಾಕೆ? ಚೂಡಾರಪ್ಪೆಟ್ಟಿ (ಬಿಸಿ ಆರದಂತೆ ಹಿಡಿದಿಡುವ ಪೆಟ್ಟಿಗೆ) ಸಾಕು. ಕೇರಳದಲ್ಲಿದ್ದುಕೊಂಡು ಅದನ್ನು ಬಿಟ್ಟರೆ ಹೇಗೆ? ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆ ಶಾಸ್ತ್ರಸಾಹಿತ್ಯ ಪರಿಷತ್ತಿನವರು ಹೊಗೆ ಕಡಿಮೆಯ ಪರಿಷತ್ ಒಲೆಯ ಹಾಗೆಯೇ ಇದನ್ನೂ ಊರೂರಿಗೆ ಪರಿಚಯಿಸಿದವರು. ಈಗ ಸ್ಟೀಲಿನ ಥರ್ಮಲ್ ಕುಕ್ಕರ್ ಅಂತ ಕಾಸರಗೋಡಿನ ಯಾವ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ.

ಕುಚ್ಚಲಕ್ಕಿ ತೊಳೆದು, ಧಾರಾಳ ನೀರಲ್ಲಿ ಹತ್ತು ನಿಮಿಷ ಕುದಿಸಿ, ಪಾತ್ರೆ ಸಮೇತ ಒಳಗಿಟ್ಟು ಮುಚ್ಚಿಬಿಡಿ. ಕರೆಂಟೂ ಬೇಡ, ಗ್ಯಾಸೂ ಬೇಡ, ಉಳಿದ ಶಾಖದಲ್ಲೇ ಬೇಯುತ್ತದೆ. ಬೆಳಗ್ಗೆ ಎಂಟಕ್ಕೆ ಇಟ್ಟರೆ ಮಧ್ಯಾಹ್ನ ಹನ್ನೆರಡೂವರೆಗೆ ಅತ್ತೆ ಮುಚ್ಚಳ ತೆಗೆದಾಗ ಹಬೆಯಾಡುವ ಗಂಜಿ, ತೆಳಿ ಸಮೇತ. ಹೊತ್ತಿಸುವುದು, ಆರಿಸುವುದು ಯಾವುದೂ ಇಲ್ಲ. ಪಾತ್ರೆ ಎತ್ತಬೇಕಾಗಿಲ್ಲ, ಸೌಟಿನಲ್ಲಿ ಬಡಿಸಿಕೊಂಡರಾಯಿತು. ಆದರೆ ಸಂಜೆಗೆ ಇಡಬೇಡಿ, ಅಷ್ಟು ಹೊತ್ತು ಬಿಸಿ ನಿಲ್ಲುವುದಿಲ್ಲ.

ಹುರುಳಿಗೆ ಇದು ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ.

ಬದಿಯಡ್ಕ ಟೀಚರ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಲ್ಲು ತೆಗೆದು ನೋಡಿದೆ, 300 ಯೂನಿಟ್‌ನ ಒಳಗೇ ಇದೆ, ಅದೊಂದು ಸಮಾಧಾನ. ಮೈದುನನಿಗೆ ನಾಬ್ ಇರುವುದೇ ಸಾಕು ಅಂತ ಮೆಸೇಜ್ ಹಾಕಿದ್ದೇನೆ. ಗಂಜಿಗೆ ಥರ್ಮಲ್ ಕುಕ್ಕರ್ ವಿಚಾರ ನನಗೆ ತುಂಬಾ ಹಿಡಿಸಿತು.

ಇನ್ನೆರಡು ಕೇಳಲಿಕ್ಕಿದೆ. ಮಕ್ಕಳಿಗೆ ರಾಜ್ಮಾ ಅಂದರೆ ಪ್ರಾಣ, ಅದೂ ಹುರುಳಿಯ ಹಾಗೆಯೇನಾ? ಮತ್ತೆ, ನಾವು ಶಾಲೆಯಲ್ಲಿದ್ದಾಗ ಕರೆಂಟು ಹೋಗಿ ಬಂದರೆ ಆ ಅಡುಗೆ ಉಣ್ಣಬಹುದಾ ಬಾರದಾ ಅಂತ ಹೇಗೆ ತೀರ್ಮಾನಿಸುವುದು?

ಉಪ್ಪಳದ ಅಣ್ಣ

ನಮ್ಮ ಮನೆಯಲ್ಲಿ ಇದು ಇರುವುದೇ ಊರಕೋಳಿಗೆ ಮತ್ತು ಆಡಿನ ಕಾಲು ಸೂಪಿಗೆ. ಟೀಚರಿಗೆ ಬೇಡವಾದರೂ ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ನೇರ ಹಾಕಬಾರದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಒಳಗೆ ಕೆಳಭಾಗದಲ್ಲಿ ಇಟ್ಟು ಪೂರ್ತಿ ಕರಗಿಸಿ. ಬಟಾಟೆ, ಕ್ಯಾರೆಟ್ ಇದ್ದರೆ ಅಡಿಗೆ ಹಾಕಿ, ಮಾಂಸ ಮೇಲೆ. ಮಾಂಸಕ್ಕಿಂತ ಗಡ್ಡೆ ತರಕಾರಿಯೇ ಇದರಲ್ಲಿ ಬೇಯಲಿಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಮೂಳೆ ಸೂಪನ್ನು ರಾತ್ರಿ ಮಲಗುವಾಗ ಇಟ್ಟರೆ ಬೆಳಗ್ಗೆ ಮನೆ ತುಂಬ ಪರಿಮಳ. ರಾತ್ರಿ ಪಂಪು ಓಡುವುದೂ ಕಡಿಮೆ, ವೋಲ್ಟೇಜೂ ಚೆನ್ನಾಗಿರುತ್ತದೆ.

ಪೆರ್ಲದ ಅಡುಗೆಮನೆ

ಟೀಚರೇ, ರಾಜ್ಮಾ ವಿಷಯ ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಮಾತ್ರ ಹತ್ತು ನಿಮಿಷದ ಕುದಿಯನ್ನು ಒಂದು ದಿನವೂ ಬಿಡಬೇಡಿ. ಹುರುಳಿಗೆ ನಾನು ಅದನ್ನು ಮುಂಜಾಗ್ರತೆಗೆ ಮಾಡುವುದು, ರಾಜ್ಮಾಕ್ಕೆ ಅದು ಕಡ್ಡಾಯ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಒಂದು ವಿಷ ಇದೆ. ನಾಲ್ಕೈದು ಕಾಳು ಸರಿಯಾಗಿ ಬೇಯದೆ ಹೊಟ್ಟೆಗೆ ಹೋದರೂ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗುತ್ತದೆ. 100 ಡಿಗ್ರಿಯಲ್ಲಿ ಕುದಿದರೆ ಅದು ಹಾಳಾಗುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಪೂರ್ತಿ ಹಾಳಾಗುತ್ತದೆ ಅಂತ ನಂಬಲಿಕ್ಕಾಗುವುದಿಲ್ಲ, ಹಸಿಯದ್ದಕ್ಕಿಂತಲೂ ಕೆಟ್ಟದಾಗಬಹುದು. ಸ್ಲೋ ಕುಕ್ಕರ್ ಗಂಟೆಗಟ್ಟಲೆ ಸುತ್ತಾಡುವುದು ಆ ಬಿಸಿಯಲ್ಲೇ. ಕಾಳು ಮೆತ್ತಗಾಗಿದೆ ಅಂತ ವಿಷ ಹೋಗಿದೆ ಎಂದಲ್ಲ. ಹಾಗಾಗಿ ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಿ. ಗಡಿಯಾರ ನೋಡುವುದು ಕುದಿ ಬಂದ ಮೇಲೆ, ಒಲೆಗೆ ಇಟ್ಟಲ್ಲಿಂದ ಅಲ್ಲ. ಡಬ್ಬಿಯಲ್ಲಿ ಬರುವ ಬೇಯಿಸಿದ ರಾಜ್ಮಾಕ್ಕೆ ಇದು ಬೇಡ. ಮಕ್ಕಳು ಉಣ್ಣುವ ವಸ್ತು ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಂದಹಾಗೆ ಈ ಪಾತ್ರೆಯನ್ನು ಮೊದಲು ಮಾಡಿದ್ದು ಕಾಳು ಬೇಯಿಸಲಿಕ್ಕೇ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಅನ್ನುವವರಿಗೆ 1940ರಲ್ಲಿ ಪೇಟೆಂಟ್ ಸಿಕ್ಕಿತು. ಅವರ ಅಜ್ಜಿ ಲಿಥುವೇನಿಯಾದಲ್ಲಿ ಶುಕ್ರವಾರ ಸಂಜೆ ಕಾಳು, ಮಾಂಸ ಹಾಕಿದ ಪಾತ್ರೆಯನ್ನು ಬೇಕರಿಗೆ ಕೊಟ್ಟುಬರುತ್ತಿದ್ದರಂತೆ. ಯಹೂದಿಗಳು ಶನಿವಾರ ಬೆಂಕಿ ಹೊತ್ತಿಸುವುದಿಲ್ಲವಲ್ಲ. ಆರುತ್ತಿರುವ ಬೇಕರಿ ಒಲೆಯಲ್ಲಿ ರಾತ್ರಿಯಿಡೀ ಅದು ಬೇಯುತ್ತಿತ್ತು. ಆ ಕಥೆ ಕೇಳಿಯೇ ಅವರು ಇದನ್ನು ಮಾಡಿದ್ದು. 1971ರಲ್ಲಿ ಕ್ರಾಕ್‌ಪಾಟ್ ಅಂತ ಹೆಸರು ಬದಲಿಸಿ ಮಾರಿದ ಮೇಲೆ ಮನೆಮನೆಗೆ ಹೋಯಿತು. ನನಗೆ ಈ ಅಜ್ಜಿಯ ಸಂಗತಿ ತುಂಬಾ ಇಷ್ಟ, ಅದಕ್ಕೆ ಬರೆದೆ.

ಕರೆಂಟಿನ ತೀರ್ಮಾನಕ್ಕೆ ನಾನು ಇಟ್ಟುಕೊಂಡ ಕ್ರಮ ಹೇಳುತ್ತೇನೆ. ಅಡುಗೆಮನೆಯ ಕ್ಯಾಲೆಂಡರಿಗೆ ಒಂದು ಪೆನ್ಸಿಲ್ ಕಟ್ಟಿಡಿ. ಕರೆಂಟು ಹೋದ ಗಂಟೆ, ಬಂದ ಗಂಟೆ ಅತ್ತೆ ಅವತ್ತಿನ ಚೌಕದಲ್ಲಿ ಬರೆದಿಡಲಿ. ಕಿವಿ ಮಂದವಾದರೂ ಫ್ಯಾನ್ ನಿಂತದ್ದು ಗೊತ್ತಾಗುತ್ತದಲ್ಲ. ಅಡುಗೆ ಪೂರ್ತಿ ಬೆಂದ ಮೇಲೆ ಹೋದದ್ದಾದರೆ, ಎರಡು ಗಂಟೆಯವರೆಗೆ ಮುಚ್ಚಳ ತೆಗೆಯದೆ ಬಿಟ್ಟರೆ ಏನೂ ಆಗುವುದಿಲ್ಲ. ಬೇಯುವ ಮೊದಲೇ ಹೋಗಿ ಮನೆಯಲ್ಲಿ ನೀವಿದ್ದರೆ, ಬೇರೆ ಪಾತ್ರೆಗೆ ಸುರಿದು ಕೂಡಲೇ ಗ್ಯಾಸಿನಲ್ಲಿ ಮುಗಿಸಿ. ಅರ್ಧ ಬೆಂದಾಗ ಹೋಗಿ ಗಂಟೆಗಟ್ಟಲೆ ಬರಲಿಲ್ಲ ಅಂತ ಕ್ಯಾಲೆಂಡರ್ ಹೇಳಿದರೆ ಆ ಅಡುಗೆ ತೆಂಗಿನ ಬುಡಕ್ಕೆ. ಮತ್ತೆ ಕುದಿಸಿದರೆ ಸರಿಯಾಗುತ್ತದೆ ಅಂತ ಅಂದುಕೊಳ್ಳಬೇಡಿ, ಕೆಲವು ಕೀಟಾಣು ಬಿಟ್ಟುಹೋದ ವಿಷ ಕುದಿಸಿದರೂ ಹೋಗುವುದಿಲ್ಲ. ಅತ್ತೆಯ ವಯಸ್ಸಿನವರಿಗೆ ಒಂದು ಸಲದ ಭೇದಿಯೇ ಜಾಸ್ತಿಯಾಗುತ್ತದೆ. ಕೆ.ಎಸ್.ಇ.ಬಿ.ಯಲ್ಲಿ ನಿಮ್ಮ ಮೊಬೈಲ್ ನಂಬರ್ ಕೊಟ್ಟಿಡಿ, ಲೈನ್ ಕೆಲಸಕ್ಕೆ ಆಫ್ ಮಾಡುವಾಗ ಮೆಸೇಜ್ ಬರುತ್ತದೆ. ಅವತ್ತು ಸ್ಲೋ ಕುಕ್ಕರ್ ತೆಗೆಯಲೇಬೇಡಿ. ಆಟಿಯ ಜೋರು ಮಳೆ, ಗಾಳಿ ಇರುವ ದಿನಗಳಲ್ಲೂ ಅಷ್ಟೇ.

'ವಾರ್ಮ್' ಅಂತ ಒಂದು ಗುರುತು ಇರುತ್ತದಲ್ಲ, ಅದು ಬೆಂದದ್ದನ್ನು ಬಿಸಿ ಇಡಲಿಕ್ಕೆ ಮಾತ್ರ. ಫ್ರಿಜ್ಜಿನಿಂದ ತೆಗೆದ ನಿನ್ನೆಯ ಸಾರನ್ನು ಅದರಲ್ಲಿ ಬಿಸಿ ಮಾಡಬೇಡಿ, ಗ್ಯಾಸಿನಲ್ಲಿ ಕುದಿಸಿ.

ತೊಳೆಯುವುದು ಸುಲಭ. ಆದರೆ ಪಿಂಗಾಣಿ ಪಾತ್ರೆ ಬಿಸಿ ಇರುವಾಗ ನಲ್ಲಿಯ ಕೆಳಗೆ ಹಿಡಿಯಬೇಡಿ, ಬರಿಯ ಗ್ರಾನೈಟಿನ ಮೇಲೂ ಇಡಬೇಡಿ. ಒಂದು ದಪ್ಪ ಬಟ್ಟೆ ಮಡಚಿ ಅದರ ಮೇಲಿಟ್ಟು, ಕೈಗೆ ತಣ್ಣಗೆ ತಾಗುವಷ್ಟು ಹೊತ್ತು ಬಿಟ್ಟು ಆಮೇಲೆ ತೊಳೆಯಿರಿ. ಹೊರಗಿನ ಡಬ್ಬಿಗೆ ನೀರು ತಾಗಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮತ್ತೆ ಮೈದುನನಿಗೆ ಹೇಳಿ, ಪಿಂಗಾಣಿ ಪಾತ್ರೆಯ ಒಳಗೆ ಬಟ್ಟೆ ತುರುಕಿ, ಮುಚ್ಚಳವನ್ನು ಬೇರೆಯಾಗಿ ಟವೆಲಿನಲ್ಲಿ ಸುತ್ತಿ, ಪೆಟ್ಟಿಗೆಯ ಮಧ್ಯಕ್ಕೆ ಇಡಲಿ. ಗ್ಲಾಸಿನ ಮುಚ್ಚಳ ಒಡೆದರೆ ಅದೇ ಅಳತೆಯದ್ದು ಇಲ್ಲಿ ಹುಡುಕಿದರೂ ಸಿಗುವುದಿಲ್ಲ.